ಮೊಟ್ಟೆಗೆ ಸಾಲದ ಬಿಸಿಲು

ಹಾವು ಮೊಟ್ಟೆ ಇಡುವ ಪ್ರಾಣಿ ಎಂದು ಬರೆದು ಶಾಲೆಯಲ್ಲಿ ಅಂಕ ಗಿಟ್ಟಿಸಿದವರು ನಾವೆಲ್ಲ. ಹಾಸನ ಜಿಲ್ಲೆಯ ತೋಟ, ಹೊಲಗಳಲ್ಲಿ ನಾಲ್ಕು ಮಳೆಗಾಲ ಓಡಾಡಿದವರ ಮುಂದೆ ಆ ಉತ್ತರ ನಿಲ್ಲುವುದಿಲ್ಲ. ಸಕಲೇಶಪುರದ ಕಡೆ ಕಾಫಿ ಗಿಡದ ರೆಕ್ಕೆಯ, ಎಂದರೆ ಅಡ್ಡಗೊಂಬೆಯ, ಮೇಲೆ ಎಲೆಗೆ ಎಲೆಯಾಗಿ ಕೂರುವ ಗುಳಿಮಂಡಲ ಮರಿ ಹಾಕುತ್ತದೆ. ಬೇಲಿ ಮೇಲೆ ತೂಗಾಡುವ ಚೂಪು ಮೂತಿಯ ಹಸಿರು ಹಾವು ಮರಿ ಹಾಕುತ್ತದೆ. ಕಾಫಿ ಸಾಲಿನ ನಡುವೆ ನೀರಿಂಗಲು ತೊಟ್ಟಿಲು ಗುಂಡಿ ತೆಗೆಯುವಾಗ ಮಣ್ಣಿನೊಳಗಿಂದ ಎದ್ದು ಬರುವ, ಬಾಲ ಯಾವುದು ತಲೆ ಯಾವುದು ಎಂದು ಒಂದು ಗಳಿಗೆ ತಿಳಿಯದ ಗುರಾಣಿಬಾಲದ ಹಾವಿನದೂ ಅದೇ ಕ್ರಮ. ಘಟ್ಟದ ಕಡೆಯಿಂದ ತಿರುಗಿ ಅರಸೀಕೆರೆ ಬಯಲಿಗೆ ಬಂದರೆ ಕೊಳಕುಮಂಡಲ, ಮಣ್ಣುಮುಕ್ಕ, ಇರುತಲೆ ಹಾವು, ಮೂರೂ ಮರಿ ಹಾಕುವವೇ. ಇವುಗಳ ಪಕ್ಕದಲ್ಲೇ ನಾಗರ, ಕೇರೆ, ಕಟ್ಟುಹಾವು, ನೀರೊಳ್ಳೆ, ಹೆಬ್ಬಾವು ಮೊಟ್ಟೆ ಇಟ್ಟುಕೊಂಡು ಸುಖವಾಗಿವೆ.

ಇಡೀ ಜಗತ್ತಿನ ಲೆಕ್ಕ ತೆಗೆದರೆ ಹಾವು, ಹಲ್ಲಿ, ಓತಿಗಳ ಬಳಗದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಮರಿ ಹಾಕುವ ಜಾತಿಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಲೆಕ್ಕ. ಈ ಬಳಗದಲ್ಲಿ ಮೊಟ್ಟೆಯಿಂದ ಮರಿಗೆ ದಾಟಿದ್ದು 100ಕ್ಕೂ ಹೆಚ್ಚು ಸಲ, ಪ್ರತಿ ಸಲವೂ ಬೇರೆ ಕವಲಿನಲ್ಲಿ, ಬೇರೆ ನಾಡಿನಲ್ಲಿ, ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ. ನಮ್ಮ ಸಸ್ತನಿ ಕುಲದಲ್ಲಿ ಅದು ನಡೆದದ್ದು ಒಂದೇ ಸಲ. ಇಂದು ಬದುಕಿರುವ ಆಮೆ, ಮೊಸಳೆ, ಹಕ್ಕಿಗಳಲ್ಲಿ ಒಂದು ಸಲವೂ ನಡೆದಿಲ್ಲ. ಇಷ್ಟು ಜನ ಬೇರೆ ಬೇರೆ ಊರಿನಿಂದ ಹೊರಟು ಒಂದೇ ಕಡೆ ಬಂದು ಸೇರಿದ್ದಾರೆ ಎಂದರೆ ಅವರನ್ನು ಅಟ್ಟಿದ್ದು ಏನೋ ಇರಲೇಬೇಕು. ವಿಜ್ಞಾನಿಗಳು ಸುಮಾರು ನೂರು ವರ್ಷದಿಂದ ಹೇಳುತ್ತಿರುವ ಉತ್ತರ: ಚಳಿ.

ಚಳಿಗೂ ಬಸಿರಿಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಮೊದಲು ಮೊಟ್ಟೆಯ ಕಷ್ಟ ನೋಡಬೇಕು. ನಮ್ಮ ಕೊಟ್ಟಿಗೆ ಹಿಂದಿನ ಗೊಬ್ಬರದ ಗುಂಡಿ ತೆಗೆಸುವಾಗ ಆಗಾಗ ಹಾವಿನ ಮೊಟ್ಟೆ ಸಿಗುತ್ತವೆ. ಮೇಲಿನ ಒಣ ಪದರ ಸರಿಸಿ, ಹಬೆಯಾಡುವ ಕರಿ ಗೊಬ್ಬರಕ್ಕೆ ಸನಿಕೆ ತಾಗುವ ಹೊತ್ತಿಗೆ ಮಾಸಲು ಬಿಳಿಯ, ಉದ್ದನೆಯ ಮೊಟ್ಟೆಗಳ ಗೊಂಚಲು ಕಾಣುತ್ತದೆ. ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಲು ಹೋದರೆ ಹರಿಯುತ್ತವೆ. ಬೆರಳಿಟ್ಟರೆ ಚಿಪ್ಪು ತಗ್ಗಿ ಮತ್ತೆ ಏಳುತ್ತದೆ, ತೆಳುವಾದ ಚಕ್ಕಳ ಅದು. ನೀರು ಹೀರಿದವು ಬಿಗಿಯಾಗಿ ಉಬ್ಬಿರುತ್ತವೆ. ಅಂಚಿನಲ್ಲಿದ್ದ ಒಂದೆರಡು ಕುಗ್ಗಿ, ಹಳದಿಗಟ್ಟಿ, ಮೈತುಂಬ ಬೂಷ್ಟು ಹತ್ತಿರುತ್ತದೆ. ಕೇರೆಯದೋ ನೀರೊಳ್ಳೆಯದೋ ಎಂಬ ವಾದ ಶುರುವಾಗುವ ಮೊದಲೇ ಕೆಲಸಕ್ಕೆ ಬಂದ ಹೆಂಗಸರಲ್ಲಿ ಹಿರಿಯಾಕೆ ಒಬ್ಬರು, "ಮುಚ್ಚಾಕಿ ಗೌಡ್ರೆ, ಕಾವಿಗೆ ಇಟ್ಟೈತೆ ಪಾಪ" ಎಂದು ತಾವೇ ಗೊಬ್ಬರ ಎಳೆದು ಮುಚ್ಚಿಬಿಡುತ್ತಾರೆ. ಆ ದಿನದ ಮಟ್ಟಿಗೆ ಗುಂಡಿಯ ಆ ಮೂಲೆ ಹಾವಿಗೆ ಬಿಟ್ಟದ್ದು.

ಹಾವಿನ ಮೊಟ್ಟೆಗೆ ಕಾವು ಬೇಕು, ತೇವ ಬೇಕು, ಉಸಿರಾಡಲು ಗಾಳಿ ಬೇಕು. ತೇವ ಹೆಚ್ಚಾದರೆ ಕೊಳೆತ, ಕಡಿಮೆಯಾದರೆ ಒಣಗಿ ಸಾವು. ಕಾವಿನ ವಿಷಯ ಇನ್ನೂ ಸೂಕ್ಷ್ಮ. ಕಣದಲ್ಲಿ ಹರಡಿದ ಕಾಫಿ ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಯಾರಾದರೂ ಕೇಳಿದರೆ ಬೆಳೆಗಾರ ದಿನದ ಲೆಕ್ಕ ಹೇಳುವುದಿಲ್ಲ, ಬಿಸಿಲಿನ ಲೆಕ್ಕ ಹೇಳುತ್ತಾನೆ. ಮೋಡ ಕವಿದ ದಿನ ಲೆಕ್ಕಕ್ಕೇ ಇಲ್ಲ. ಮೊಟ್ಟೆಯೊಳಗಿನ ಭ್ರೂಣವೂ ಹಾಗೆಯೇ ಬಿಸಿಲು ಎಣಿಸುತ್ತದೆ. ಬೆಚ್ಚಗಿದ್ದರೆ ಬೇಗ ಬೆಳೆಯುತ್ತದೆ, ತಣ್ಣಗಿದ್ದರೆ ಬೆಳವಣಿಗೆ ತೆವಳುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ನಿಂತೇಬಿಡುತ್ತದೆ. ಬೇಸಿಗೆ ಎನ್ನುವುದು ಎರಡು ಮೂರು ತಿಂಗಳಷ್ಟೇ ಇರುವ ನಾಡಿನಲ್ಲಿ, ಅಂಗೈ ಆಳಕ್ಕೆ ಅಗೆದರೂ ಮಣ್ಣು ಕೊರೆಯುವ ಕಡೆ, ಹೂತಿಟ್ಟ ಮೊಟ್ಟೆ ಮರಿಯಾಗುವ ಮೊದಲೇ ಚಳಿಗಾಲ ಬಂದು ಬಾಗಿಲು ಹಾಕುತ್ತದೆ.

ಗೊಬ್ಬರದ ಗುಂಡಿ ಇದಕ್ಕೊಂದು ಉಪಾಯ. ನಮ್ಮ ಕೇರೆ ಮಾತ್ರ ಕಂಡುಕೊಂಡದ್ದಲ್ಲ ಇದು. ಯೂರೋಪಿನ ಹುಲ್ಲುಹಾವು ಮೊಟ್ಟೆ ಇಡುವ ಹಾವಾದರೂ ಸ್ವೀಡನ್ನಿನಂಥ ಚಳಿದೇಶದ ಉತ್ತರಕ್ಕೆ ಏರಿದೆ. ಅಲ್ಲಿನ ರೈತರ ತಿಪ್ಪೆಗಳ ಕಾವೇ ಅದಕ್ಕೆ ದೊಡ್ಡ ಆಸರೆ. ಆದರೆ ತಿಪ್ಪೆ ಹಾಕುವ ರೈತ ಭೂಮಿಗೆ ಬಂದದ್ದು ಮೊನ್ನೆ ಮೊನ್ನೆ. ಅದಕ್ಕೂ ಕೋಟ್ಯಂತರ ವರ್ಷ ಮೊದಲು ತಣ್ಣನೆಯ ಮಣ್ಣಿನಲ್ಲಿ ಮೊಟ್ಟೆ ಇಡಬೇಕಾದವು ಬೇರೆ ದಾರಿ ಹುಡುಕಿದವು: ಇಡುವುದನ್ನೇ ಮುಂದೂಡಿದವು. ಹಾವಿಗೆ ಕಾಲಿಲ್ಲ ನಿಜ, ಆದರೂ ಬಿಸಿಲು ಬಿದ್ದ ಕಡೆ ಅದು ಹೋಗಬಲ್ಲದು. ಹೂತಿಟ್ಟ ಮೊಟ್ಟೆ ಹೋಗಲಾರದು. ತಾಯಿ ಬೆಳಗಿನ ಬಿಸಿಲಿಗೆ ಬಂಡೆಯ ಮೇಲೆ ಬಂದು ಮೈ ಚಪ್ಪಟೆ ಮಾಡಿಕೊಂಡು ಮಲಗಿದರೆ ಒಳಗಿನ ಮೊಟ್ಟೆಗಳಿಗೂ ಕಾವು ಸಿಕ್ಕಿತು. ಮೋಡ ಸರಿದು ಸಿಕ್ಕ ಹತ್ತು ನಿಮಿಷದ ಬಿಸಿಲೂ ವ್ಯರ್ಥವಾಗುವುದಿಲ್ಲ.

ಇದು ಒಂದೇ ನೆಗೆತದಲ್ಲಿ ಆದದ್ದೂ ಅಲ್ಲ. ಮೊಟ್ಟೆ ಇಡುವ ಹಾವು, ಹಲ್ಲಿಗಳಲ್ಲಿ ಹೆಚ್ಚಿನವು ಈಗಲೂ ಭ್ರೂಣ ಮೂರರಲ್ಲೊಂದು ಪಾಲು ಬೆಳೆಯುವವರೆಗೆ ಮೊಟ್ಟೆಯನ್ನು ಒಳಗೇ ಇಟ್ಟುಕೊಂಡಿರುತ್ತವೆ. ಅದನ್ನೇ ಇನ್ನಷ್ಟು ಎಳೆದರೆ ಆಯಿತು. ಆದರೆ ಒಳಗಿದ್ದಷ್ಟೂ ಉಸಿರಿನ ತೊಂದರೆ, ಹಾಗಾಗಿ ಚಿಪ್ಪು ತೆಳುವಾಗುತ್ತ ಬರಬೇಕು; ಕೊನೆಗೆ ಒಂದು ಪಾರದರ್ಶಕ ಪೊರೆ ಉಳಿಯುತ್ತದೆ. ಗುಳಿಮಂಡಲದ ಮರಿ ಆ ಪೊರೆಯಲ್ಲೇ ಹೊರಬಿದ್ದು ಅದನ್ನು ಹರಿದುಕೊಂಡು ಹೊರಡುತ್ತದೆ. ಬಹುಪಾಲು ಜಾತಿಗಳಲ್ಲಿ ಮರಿಗೆ ಆಹಾರ ಹಳದಿ ಲೋಳೆಯಿಂದಲೇ. ದಕ್ಷಿಣ ಅಮೆರಿಕದ ಕೆಲವು ಹಾವುರಾಣಿಗಳು ಮಾತ್ರ ಹಸುವಿನ ಮಟ್ಟಕ್ಕೆ ಹೋಗಿವೆ. ಅವುಗಳ ಮೊಟ್ಟೆ ಸುಮಾರು ಒಂದು ಮಿಲಿಮೀಟರಿನಷ್ಟು ಸಣ್ಣದು, ಮರಿಯ ಪೋಷಣೆ ಹೆಚ್ಚುಕಡಿಮೆ ಪೂರ್ತಿ ಮಾಸಿನ ಮೂಲಕ. ಅರ್ಧ ದಾರಿಯಲ್ಲಿರುವವರನ್ನು ನೋಡಬೇಕೆಂದರೆ ಆಸ್ಟ್ರೇಲಿಯಾದ ಮೂರು ಬೆರಳಿನ ಹಾವುರಾಣಿ ಇದೆ. ಸಿಡ್ನಿ ಸುತ್ತಿನ ತಗ್ಗು ನಾಡಿನಲ್ಲಿ ಅದು ಮೊಟ್ಟೆ ಇಡುತ್ತದೆ, ಉತ್ತರದ ತಂಪು ಬೆಟ್ಟಗಳಲ್ಲಿ ಮರಿ ಹಾಕುತ್ತದೆ. 2019ರಲ್ಲಿ ವರದಿಯಾದ ಒಂದು ಹೆಣ್ಣಂತೂ ಒಂದೇ ಬಸಿರಿನಲ್ಲಿ ಮೊದಲು ಮೊಟ್ಟೆ ಇಟ್ಟು, ಕೆಲವು ವಾರದ ಮೇಲೆ ಮರಿಯನ್ನೂ ಹಾಕಿತು!

ಚಳಿಯ ವಾದಕ್ಕೆ ಎಲ್ಲರೂ ಮೊದಲು ಕರೆಯುವ ಸಾಕ್ಷಿ ಯೂರೋಪಿನ ಝೂಟೋಕ ವಿವಿಪಾರ ಎಂಬ ಹಲ್ಲಿ. ಐರ್ಲೆಂಡಿನಿಂದ ರಷ್ಯಾದ ಪೂರ್ವದಂಚಿನ ಸಖಾಲಿನ್ ದ್ವೀಪದವರೆಗೆ ಅದರ ಸಾಮ್ರಾಜ್ಯ. ಸ್ಕ್ಯಾಂಡಿನೇವಿಯಾದಲ್ಲಿ ಆರ್ಕ್ಟಿಕ್ ವೃತ್ತವನ್ನೂ ದಾಟಿ ಬದುಕಿದೆ, ಮರಿ ಹಾಕಿಕೊಂಡು. ಅದೇ ಜಾತಿ ಪಿರೆನೀಸ್ ಬೆಟ್ಟಗಳ ಸುತ್ತ, ಉತ್ತರ ಸ್ಪೇನಿನಲ್ಲಿ ಮೊಟ್ಟೆ ಇಡುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಕಪ್ಪೆತಲೆ ಓತಿಗಳು ಮರಿ ಹಾಕುತ್ತವೆ, ಅವುಗಳ ದಾಯಾದಿಗಳು ಕೆಳಗಿನ ಮರುಭೂಮಿಗಳಲ್ಲಿ ಮೊಟ್ಟೆ ಇಡುತ್ತವೆ. ನಮ್ಮ ಗೋಸುಂಬೆ ನೆಲ ಅಗೆದು ಮೊಟ್ಟೆ ಇಟ್ಟು ಮುಚ್ಚುತ್ತದೆ, ಕೆನ್ಯಾ ಬೆಟ್ಟದ ಮೂರು ಕೊಂಬಿನ ಗೋಸುಂಬೆ ಮರಿ ಹಾಕುತ್ತದೆ. ಶ್ರೀಲಂಕಾದ ಎತ್ತರದ ಮಂಜುಕಾಡಿನಲ್ಲಿ ನಮ್ಮ ಓತಿಕ್ಯಾತನ ನೆಂಟನೊಂದು ಮರಿ ಹಾಕುವ ಕವಲಿಗೆ ಸೇರಿಕೊಂಡಿದೆ.

ಈ ನಮೂನೆಯನ್ನು ಮೊದಲು ಗುರುತಿಸಿದವರಲ್ಲಿ ಕ್ಲೇರ್ ವೀಕ್ಸ್ ಎಂಬ ಸಿಡ್ನಿಯ ಹೆಣ್ಣುಮಗಳೊಬ್ಬರಿದ್ದರು. 1930ರ ಸುಮಾರಿಗೆ ಅವರು ಹಲ್ಲಿಗಳ ಮಾಸು ಹೇಗಿರುತ್ತದೆ ಎಂದು ನೋಡಲು ಹೊರಟು, ಬೆಟ್ಟ ಏರಿದ ಹಾಗೆ ಮರಿ ಹಾಕುವವು ಹೆಚ್ಚುತ್ತವೆ ಎಂಬುದನ್ನು ಎತ್ತಿ ತೋರಿಸಿದರು. ಆಮೇಲೆ ಪ್ರಾಣಿಶಾಸ್ತ್ರ ಬಿಟ್ಟು ವೈದ್ಯೆಯಾದರು. ಇಂದು ಲೋಕ ಅವರನ್ನು ನೆನೆಯುವುದು ಎದೆ ಡವಗುಟ್ಟುವ ಆತಂಕದವರಿಗೆ ಧೈರ್ಯ ಹೇಳಿದ ಪುಸ್ತಕಗಳಿಗಾಗಿ. ಹಲ್ಲಿಗಳ ವಿಷಯ ಅವರ ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಇಷ್ಟೆಲ್ಲ ಓದಿ ಅರಸೀಕೆರೆಗೆ ಹೋದಾಗ ನಮ್ಮ ಮಾವನಿಗೆ ಹೇಳಿದೆ. ಅವರು ತೆಂಗಿನ ತೋಟ, ರಾಗಿ ಹೊಲ ಮಾಡಿಕೊಂಡಿರುವವರು. ಕೊಳಕುಮಂಡಲದ ಜೊತೆಗೆ ಬದುಕಿದವರು. "ಚಳಿಗೆ ಮರಿ ಹಾಕ್ತವೆ ಅಂತೀಯ. ನಮ್ಮೂರಾಗೆ ಎಲ್ಲಯ್ತಪ್ಪ ಚಳಿ? ಮಂಡಲ ಒಂದ್ಸಲಕ್ಕೆ ಒಂದ್ ಪುಟ್ಟಿ ಮರಿ ಹಾಕ್ತದೆ" ಎಂದರು. ಮಾತು ನ್ಯಾಯವಾದದ್ದೇ. ಹಾಸನ ಜಿಲ್ಲೆಯನ್ನೇ ಪರೀಕ್ಷೆಗೆ ಕೂರಿಸಿದರೆ ಚಳಿಯ ಸಿದ್ಧಾಂತ ತೇರ್ಗಡೆಯಾಗುವುದು ಕಷ್ಟ. ಬಿಸಿಲಿನ ಅರಸೀಕೆರೆಯಲ್ಲಿ ಮರಿ ಹಾಕುವ ಹಾವುಗಳು ದಂಡಿಯಾಗಿವೆ. ಮಳೆ, ಮಂಜು, ಥಂಡಿಯ ಬಿಸಿಲೆ ಘಾಟಿಯಲ್ಲಿ ಕಾಳಿಂಗ ಸರ್ಪ ಮೊಟ್ಟೆ ಇಡುತ್ತದೆ.

ಕೊಳಕುಮಂಡಲದ ಬಸಿರು ಆರು ತಿಂಗಳಿಗೂ ಮೀರಿದ್ದು. ಮರಿಗಳು ಹೆಚ್ಚಾಗಿ ಜೂನ್, ಜುಲೈನಲ್ಲಿ, ಎಂದರೆ ಮೃಗಶಿರ, ಆರಿದ್ರಾ ಮಳೆಗಳ ಆಸುಪಾಸಿನಲ್ಲಿ ಹುಟ್ಟುತ್ತವೆ. ಒಂದು ಸಲಕ್ಕೆ 20ರಿಂದ 40 ಸಾಮಾನ್ಯ. ಲೆಕ್ಕ ಹಾಕಿದರೆ ಶಿವರಾತ್ರಿ, ಯುಗಾದಿಯ ಸುಡುಬಿಸಿಲನ್ನು ತಾಯಿ ಹೊಟ್ಟೆಯಲ್ಲಿ ಮರಿ ಹೊತ್ತೇ ಕಳೆಯುತ್ತದೆ. ಚಳಿಯ ನೆಪ ಇಲ್ಲಿ ಹೇಳುವ ಹಾಗೇ ಇಲ್ಲ.

ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ವಂಶದ ಕಥೆ. ಇಂದು ಬಿಸಿಲಲ್ಲಿರುವ ಹಾವಿನ ಪೂರ್ವಿಕರು ಎಲ್ಲಿದ್ದರು ಎಂಬುದು ಬೇರೆಯೇ ಪ್ರಶ್ನೆ. ಚಳಿಯಲ್ಲಿ ಕಲಿತದ್ದನ್ನು ಹೊತ್ತುಕೊಂಡೇ ಬಯಲಿಗೆ ಇಳಿದಿರಬಹುದು. ಈ ಉತ್ತರ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಎಲ್ಲದಕ್ಕೂ ಅಜ್ಜನ ಕಾಲದ ಚಳಿಯನ್ನು ತಂದು ನಿಲ್ಲಿಸಬಹುದಾದರೆ ಯಾವ ವಾದವೂ ಸೋಲುವುದಿಲ್ಲ. ಅಲ್ಲದೆ ಕೊಳಕುಮಂಡಲದ ಒಡಹುಟ್ಟಿದ ಜಾತಿಯೊಂದು, ಪ್ಯಾಲೆಸ್ಟೈನ್ ಕಡೆಯ ಮಂಡಲ, ಇಂದಿಗೂ ಮೊಟ್ಟೆ ಇಡುತ್ತದೆ. ಅಣ್ಣತಮ್ಮಂದಿರಲ್ಲೇ ಕ್ರಮ ಬೇರೆಯಾಗಿರುವಾಗ ಅಜ್ಜನ ಮೇಲೆ ಪೂರ್ತಿ ಭಾರ ಹಾಕುವುದು ಹೇಗೆ?

ಎರಡನೆಯ ಉತ್ತರ ಗಟ್ಟಿಯಾದದ್ದು. ಆಸ್ಟ್ರೇಲಿಯಾದ ಪ್ರಾಣಿವಿಜ್ಞಾನಿ ರಿಕ್ ಶೈನ್ 1995ರಲ್ಲಿ ಚಳಿಯ ವಾದವನ್ನೇ ಒಂದು ಸುತ್ತು ಅಗಲ ಮಾಡಿದರು. ತಾಯಿ ಕೊಡುವುದು ಬರೀ ಹೆಚ್ಚು ಕಾವಲ್ಲ, ಬೇಕಾದಷ್ಟೇ ಕಾವು. ನೆಲದ ಮಣ್ಣು ಹಗಲು ಕಾದು ರಾತ್ರಿ ಆರುತ್ತದೆ. ತಾಯಿ ಬಿಸಿಲಿಗೂ ನೆರಳಿಗೂ ಬಿಲಕ್ಕೂ ಓಡಾಡಿ ಒಳಗಿನ ತಾಪವನ್ನು ಒಂದು ಹದದಲ್ಲಿ ಇಡುತ್ತದೆ. 2006ರಲ್ಲಿ ಅವರೂ ಸಹೋದ್ಯೋಗಿಗಳೂ ಉತ್ತರ ಆಸ್ಟ್ರೇಲಿಯಾದ ಉಷ್ಣವಲಯದಲ್ಲಿ, ಮರಿ ಹಾಕುವ ಡೆತ್ ಆಡರ್ ಹಾವುಗಳ ಮೇಲೆ ಇದನ್ನು ಪರೀಕ್ಷಿಸಿದರು. ಬಸುರಿ ಹಾವುಗಳು ಬಸಿರಿಲ್ಲದವಕ್ಕಿಂತ ಮೈಯ ತಾಪವನ್ನು ಹೆಚ್ಚು ಸ್ಥಿರವಾಗಿ ಕಾಯ್ದುಕೊಂಡಿದ್ದವು, ಹಾಗೆ ಬೆಳೆದ ಮರಿಗಳು ಮೇಲಾಗಿದ್ದವು. ಚಳಿಯಿರಲಿ, ಸೆಕೆಯಿರಲಿ, ನೆಲದ ಹವೆ ಭ್ರೂಣಕ್ಕೆ ಒಗ್ಗದ ಕಡೆಯೆಲ್ಲ ತಾಯಿಯ ಹೊಟ್ಟೆ ಲಾಭವೇ. ಅರಸೀಕೆರೆಯ ಏಪ್ರಿಲ್ ಮಧ್ಯಾಹ್ನ ಬದುವಿನ ಕಲ್ಲು ಮುಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅದೇ ಬದುವಿನ ನಾಗರ ಹೇಗೆ ಮೊಟ್ಟೆ ಇಟ್ಟು ಗೆದ್ದಿತು ಎಂದು ಮಾವ ಬಿಡದೆ ಕೇಳಿದರು. ನಾಗರ ಮೊಟ್ಟೆ ಇಡುವುದು ಹುತ್ತದಲ್ಲಿ, ಇಲಿಬಿಲದಲ್ಲಿ. ಹೊರಗೆ ನೆಲ ಹೊತ್ತಿ ಉರಿಯುತ್ತಿದ್ದರೂ ಹುತ್ತದೊಳಗೆ ತಂಪು, ತೇವ, ಏರಿಳಿತವಿಲ್ಲದ ಹವೆ. ತಾಯಿ ಹದಮಾಡುವ ಕೆಲಸವನ್ನು ಅಲ್ಲಿ ಗೆದ್ದಲು ಮಾಡಿಕೊಟ್ಟಿದೆ. ಬಾಡಿಗೆಯಿಲ್ಲದೆ ಅಂಥ ಮನೆ ಸಿಗುವಾಗ ಆರು ತಿಂಗಳು ಹೊತ್ತು ತಿರುಗುವ ಜರೂರೇನು? ಬಿಸಿಲೆ, ಆಗುಂಬೆ ಕಡೆಯ ಕಾಳಿಂಗ ಇನ್ನೂ ಮುಂದೆ ಹೋಗಿ ಮನೆಯನ್ನೇ ಕಟ್ಟುತ್ತದೆ. ಹೆಣ್ಣು ಮೈ ಸುರುಳಿಯಿಂದ ತರಗೆಲೆ, ಬಿದಿರೆಲೆ ಎಳೆದು ಗುಡ್ಡೆ ಹಾಕಿ, ಒಳಗೆ ಮೊಟ್ಟೆ ಇಟ್ಟು, ಮೇಲೆ ಕಾವಲು ಮಲಗುತ್ತದೆ. ಘಟ್ಟದ ಮುಂಗಾರು ಮೂರೂ ಹೊತ್ತು ಸುರಿದರೂ ಎಲೆಯ ಒತ್ತಿನಿಂದ ನೀರು ಒಳಗಿಳಿಯುವುದು ಕಡಿಮೆ, ಕೊಳೆಯುವ ಎಲೆಯ ಕಾವು ಬೇರೆ. (ಪಶ್ಚಿಮ ಘಟ್ಟದ ಈ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಜಾತಿಯೆಂದು ಗುರುತಿಸಿ ಕಾಳಿಂಗ ಎಂಬ ನಮ್ಮ ಹೆಸರನ್ನೇ ಅದರ ವೈಜ್ಞಾನಿಕ ಹೆಸರಿಗೂ ಸೇರಿಸಿದ್ದಾರೆ. ನಮ್ಮ ಕಡೆಯವರು ಕಾಲರ್ ಏರಿಸಿಕೊಂಡು ಓಡಾಡಲು ಅಷ್ಟು ಸಾಕು.)

ಅದೇ ಮಳೆಗೆ ಗುಳಿಮಂಡಲ, ಗುರಾಣಿಬಾಲದ ಹಾವುಗಳ ಉತ್ತರ ಬಸಿರು. ಮಲೆನಾಡಿನಲ್ಲಿ ಚಳಿಯಷ್ಟೇ ನೀರೂ ಮೊಟ್ಟೆಯ ಶತ್ರು ಎಂದು ನನಗೆ ಅನಿಸುವುದು ಆ ಬೂಷ್ಟು ಹತ್ತಿದ ಮೊಟ್ಟೆಗಳನ್ನು ಕಂಡದ್ದರಿಂದ. ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ವಾರಗಟ್ಟಲೆ ಬಿಸಿಲಿನ ಮುಖವಿಲ್ಲ. ಗುಂಡಿಯಲ್ಲೆಲ್ಲ ಒರತೆ ಎದ್ದಿರುತ್ತದೆ. ಗುರಾಣಿಬಾಲದ ಹಾವು ಬದುಕುವುದೇ ಆ ಮಣ್ಣಿನೊಳಗೆ. ಅದು ಬಂಡೆ ಏರಿ ಬಿಸಿಲು ಕಾಯಿಸುವ ಪೈಕಿಯಲ್ಲ. ಆದರೂ ಒಂದಡಿ ಮೇಲೆ, ಒಂದಡಿ ಕೆಳಗೆ, ಕಲ್ಲಿನ ಅಡಿಗೆ, ತರಗಿನ ಪದರಕ್ಕೆ ಹೀಗೆ ಜಾಗ ಬದಲಿಸುತ್ತ ಮರಿಗಳನ್ನು ನೀರಿನಿಂದ ಪಾರುಮಾಡಬಲ್ಲದು. ಇದು ನನ್ನ ಊಹೆ, ಹಾಗೆಂದೇ ಓದಿಕೊಳ್ಳಿ.

ಚಳಿಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎನ್ನಲು ನ್ಯೂಜಿಲೆಂಡ್ ಒಳ್ಳೆಯ ಜಾಗ. ಅಲ್ಲಿನ ಮೂಲನಿವಾಸಿ ಗೆಕ್ಕೊ ಹಲ್ಲಿಗಳೆಲ್ಲ ಮರಿ ಹಾಕುತ್ತವೆ. ಗೋಡೆಯ ಮೇಲೆ ಲೊಚಗುಟ್ಟುವ ನಮ್ಮ ಹಲ್ಲಿಯ ಬಳಗದವೇ. ಅದೇ ದೇಶದ ಟುವಟಾರ ಎಂಬ, ಹಲ್ಲಿಯಂತೆ ಕಾಣುವ ಪುರಾತನ ಕುಲದ ಸರೀಸೃಪ ಮಾತ್ರ ಹಟ ಬಿಡದೆ ಮೊಟ್ಟೆ ಇಡುತ್ತದೆ, ಅದು ಒಡೆಯಲು ಒಂದು ವರ್ಷವೂ ಹಿಡಿಯುತ್ತದೆ, ಒಮ್ಮೊಮ್ಮೆ ಅದಕ್ಕೂ ಹೆಚ್ಚು.

ಇನ್ನು ಬಸಿರಿನ ಬೆಲೆ. ಹೊಟ್ಟೆ ತುಂಬಿದ ಹೆಣ್ಣು ನಿಧಾನವಾಗುತ್ತದೆ, ಬೇಟೆ ಬಿಡುತ್ತದೆ, ಬಿಸಿಲಿಗೆಂದು ಬಯಲಲ್ಲಿ ಬಿದ್ದುಕೊಂಡು ಹದ್ದಿಗೂ ಮನುಷ್ಯನಿಗೂ ಕಾಣಿಸಿಕೊಳ್ಳುತ್ತದೆ. ಮೊಟ್ಟೆಯಿಡುವ ಹಾವು ಸತ್ತರೂ ಇಟ್ಟ ಮೊಟ್ಟೆ ಉಳಿದೀತು, ಬಸುರಿ ಹಾವಿಗೆ ಬಿದ್ದ ದೊಣ್ಣೆ ಇಡೀ ಸಂಸಾರಕ್ಕೆ ಬೀಳುತ್ತದೆ. ಚಳಿದೇಶದ ಮಂಡಲಗಳಂತೂ ಒಂದು ಬಸಿರಿಗೆ ಸೋತು ಎರಡು ಮೂರು ವರ್ಷಕ್ಕೊಮ್ಮೆ ಮರಿ ಹಾಕುವುದುಂಟು. ಕೊಳಕುಮಂಡಲದ ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಬರುತ್ತವೆ ಎಂಬ ಮಾತು ಸುಳ್ಳು. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಸಿನ ಹೆರೊಡೊಟಸ್ ಕೂಡ ಮಂಡಲದ ಹಾವಿನ ಬಗ್ಗೆ ಇದೇ ಸುಳ್ಳನ್ನು ಬರೆದಿಟ್ಟಿದ್ದಾನೆ. ಆದರೆ ಹೆತ್ತು ಹಗುರಾದ ಹಾವಿನ ಸೊರಗಿದ ಮೈ ಕಂಡವರು ಅಂಥ ಕಥೆ ಕಟ್ಟಿದರೆ ಆಶ್ಚರ್ಯವಿಲ್ಲ.

ಹವೆ ಬದಲಾದಾಗ ಈ ಬೆಲೆ ಏರುತ್ತದೆ. ಮೆಕ್ಸಿಕೋದಲ್ಲಿ ಬ್ಯಾರಿ ಸಿನರ್ವೊ ಎಂಬ ವಿಜ್ಞಾನಿಯ ತಂಡ ಮುಳ್ಳುಹುರುಪೆಯ ಹಲ್ಲಿಗಳ 48 ಜಾತಿಗಳನ್ನು 200 ಜಾಗಗಳಲ್ಲಿ ಮತ್ತೆ ಹುಡುಕಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ 1975ರಿಂದೀಚೆಗೆ ಆ ಸ್ಥಳೀಯ ಗುಂಪುಗಳಲ್ಲಿ 12% ಅಳಿದಿದ್ದವು, ಮರಿ ಹಾಕುವ ಜಾತಿಗಳಿಗೆ ಹೊಡೆತ ಹೆಚ್ಚು ಬಿದ್ದಿತ್ತು. ಹಲ್ಲಿಗಳು ಬಿಸಿಲಲ್ಲಿ ಬೆಂದು ಸತ್ತವು ಎಂದಲ್ಲ. ವಸಂತದಲ್ಲಿ, ಬಸಿರಿನ ಹೊತ್ತಿನಲ್ಲೇ, ಸೆಕೆ ತಾಳದೆ ನೆರಳು ಸೇರಿಕೊಂಡಿರಬೇಕಾದ ಗಂಟೆಗಳು ಹೆಚ್ಚಿದವು. ಹೊರಬಂದು ಹುಳ ಹಿಡಿಯುವ ಹೊತ್ತು ಕಡಿಮೆಯಾಯಿತು. ಮರಿಗಳನ್ನು ಬೆಳೆಸಲು ಬೇಕಾದ ಮೇವು ಸಾಲಲಿಲ್ಲ. ತಂಪಿಗೆ ಒಗ್ಗಿದ ಬಸಿರು ಬೆಟ್ಟದ ಮೇಲಿನವರನ್ನು ಬೆಟ್ಟದ ಮೇಲೆಯೇ ಕಟ್ಟಿಹಾಕುತ್ತದೆ. ಕೆಳಗೆ ಸೆಕೆ ಏರಿದರೆ ಮೇಲಕ್ಕೆ ಹೋಗಬಹುದು, ಆದರೆ ಮೇಲೆ ಎಂಬುದಕ್ಕೂ ಕೊನೆಯಿದೆ. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರಿಗೆ ಮುಗಿದುಹೋಗುತ್ತದೆ; ಅದರಾಚೆ ಆಕಾಶ.

ಮರಿಯಿಂದ ಮತ್ತೆ ಮೊಟ್ಟೆಗೆ ಹಿಂತಿರುಗುವ ದಾರಿ ಇಲ್ಲವೇ? ಒಮ್ಮೆ ಚಿಪ್ಪು ಕಟ್ಟುವ ಏರ್ಪಾಡು ಕಳೆದುಕೊಂಡ ಮೇಲೆ ಅದನ್ನು ಮತ್ತೆ ಪಡೆಯುವುದು ಬಹಳ ಕಷ್ಟ ಎಂದೇ ಹೆಚ್ಚಿನವರ ನಂಬಿಕೆ. ಅದಕ್ಕೆ ಅಪವಾದವಾಗಿ ಸಿಕ್ಕಿರುವುದು ನಮ್ಮ ಮಣ್ಣುಮುಕ್ಕ, ಇರುತಲೆಗಳ ಬಳಗದ್ದೇ ಒಂದು ಹಾವು: ಅರೇಬಿಯಾದ ಮರಳಿನಲ್ಲಿ ಹುದುಗಿರುವ ಎರಿಕ್ಸ್ ಜಯಕರಿ. ಹೆಸರು ಮಸ್ಕತ್ತಿನಲ್ಲಿ ವೈದ್ಯರಾಗಿದ್ದು ಪ್ರಾಣಿಗಳನ್ನು ಸಂಗ್ರಹಿಸುತ್ತಿದ್ದ ಭಾರತೀಯ ಎ. ಎಸ್. ಜಿ. ಜಯಕರ್ ಅವರದು. ನೆಂಟರಲ್ಲಿ ಹೆಚ್ಚಿನವರು ಮರಿ ಹಾಕುವಾಗ ಇದು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬರುವ ಹಾವುಮರಿಗಳ ಮೂತಿಯ ತುದಿಯಲ್ಲಿ ಚಿಪ್ಪು ಸೀಳಲು ಒಂದು ಹಲ್ಲಿರುತ್ತದೆ. ಇದರ ಮರಿಗಳಿಗೆ ಅದಿಲ್ಲ. ಮರಿ ಹಾಕುತ್ತಿದ್ದ ಪೂರ್ವಿಕರಿಂದ ಹಿಂದಕ್ಕೆ ಬಂದದ್ದು ಇದು ಎಂದು 2010ರಲ್ಲಿ ಇಬ್ಬರು ಸಂಶೋಧಕರು ವಾದಿಸಿದರು.

ಮಾವನಿಗೆ ಇದನ್ನೂ ಹೇಳಿದೆ. ಎಲೆಅಡಿಕೆ ಒಂದು ಕಡೆ ದೂಡಿಕೊಂಡು, "ಅರೇಬಿಯಾದ ಬಿಸ್ಲಿಗೆ ಮೊಟ್ಟೆ ಇಡಕ್ ಶುರು ಮಾಡ್ತಂತಾ? ನಮ್ಮೂರ್ ಬಿಸ್ಲು ಏನ್ ಕಮ್ಮಿ ಆಗಿತ್ತು ಅಂತ ಕೇಳು ಅವ್ರನ್ನ" ಎಂದರು.